ಟಿವಿ ತುಂಬ ಬಿಳಿ ಟೋಪಿ

ಕಟಕೋಳ ಸೀಮೆಯ ಸಕಲ ಮದುವೆಗಳ ವಿಡಿಯೋ ಸರದಾರರಾದ ಮಲ್ಲಿಕಸಾಬ ಚಾಚಾ ಅವರ ಹುಜೂರಿಗೆ, ಮುಸ್ತಕೀಮನ ವರದಿ.

ನೀವು ತೀರಿಕೊಂಡ ಮೇಲೆ ಟ್ರಂಕಿನಲ್ಲೇ ಉಳಿದಿದ್ದ ಮದುವೆ ಡಿವಿಡಿಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಇವತ್ತು ಮಧ್ಯಾಹ್ನ ಟಿವಿಯ ಮೀಡಿಯಾ ಪ್ಲೇಯರಿಗೆ ಹಾಕಿದೆ. ತೆರೆದು ನೋಡಿದರೆ ಒಬ್ಬ ಮದುಮಗಳ ಮುಖವೂ ಇಲ್ಲ. ಸಾಲಿಗೆ ಸಾಲು ಬಿಳಿ ಟೋಪಿ!

ತಪ್ಪು ತಮ್ಮದೇ. ಕ್ಯಾಮೆರಾಕ್ಕೆ ಬಿಳಿ ಬಣ್ಣದ ಗುರುತು ಹಿಡಿಸಲು ಪ್ರತಿ ಮದುವೆಯಲ್ಲೂ ಮೊದಲು ನಿಮ್ಮ ಟೋಪಿಯನ್ನೇ ತೆಗೆದು ಲೆನ್ಸಿನ ಮುಂದೆ ಹಿಡಿಯುತ್ತಿದ್ದಿರಿ. ಆ ತುಣುಕು ಕತ್ತರಿಸಿರೆಂದು ನಾನು ಎಷ್ಟು ಕಾಡಿದರೂ ಕೇಳಲಿಲ್ಲ. ಈ ಪ್ಲೇಯರೋ, ಪ್ರತಿ ಫೈಲಿನ ಮೊದಲ ದೃಶ್ಯವನ್ನೇ ಅದರ ಚಿತ್ರವಾಗಿ ತೋರಿಸುತ್ತದೆ.

ಟೋಪಿ ತೆಗೆದು ಮದುಮಕ್ಕಳ ಫೋಟೋ ಹಾಕಲು ಹೊರಟೆ. ಜಮೀಲಾಬಿ ಚಾಚಿ ರಿಮೋಟ್ ಕಸಿದುಕೊಂಡರು.

"ಕೈ ಹಚ್ಚಬ್ಯಾಡೋ ಕಿಡಿಗೇಡಿ! ಊರ ಮಂದೀದೆಲ್ಲಾ ವಿಡಿಯೋ ತಗದ್ರು. ಅವರದ ಒಂದಾದ್ರೂ ವಿಡಿಯೋ ನಮ್ಮನ್ಯಾಗ ಐತೇನು?"

ಇಲ್ಲ. ಕ್ಯಾಮೆರಾ ಯಾವಾಗಲೂ ನಿಮ್ಮ ಕೈಯಲ್ಲೇ ಇತ್ತು.

"ಹಂಗಾದ್ರ ಯಾವ ಮದುವಿ ಯಾರದು ಅಂತ ಹೆಂಗ ಗೊತ್ತಾಗ್ತದ ಚಾಚಿ?"

"ಗೊತ್ತಾಗಿ ಏನ್ ಮಾಡ್ತಿ? ಒಂದೊಂದರ ಸುರೂದಷ್ಟ ಹಚ್ಚು."

ಹಚ್ಚಿದೆ. ಪ್ರತಿಯೊಂದರಲ್ಲೂ ಟೋಪಿ ಬಂತು, ಅದರ ಹಿಂದಿನಿಂದ ನಿಮ್ಮ ದನಿ: "ಬರ್ರಿ, ಎಲ್ಲಾರೂ ನಕ್ಕೋತ ನಿಂದರ್ರಿ!" ಅಷ್ಟಕ್ಕೇ ಮುಂದಿನ ಫೈಲು. ಚಹಾ ಆರಿ ತಣ್ಣಗಾಯಿತು. ಹೀಗೆ ಇಡೀ ಸೀಮೆಯ ಮದುವೆಗಳನ್ನು ಒಬ್ಬ ಮದುಮಗಳನ್ನೂ ಕಾಣದೆ ನೋಡಿ ಮುಗಿಸಿದೆವು.

ಚಾಚಿ ಮಾತ್ರ ಪ್ರತಿ ಸಲವೂ ಸೆರಗು ಸರಿಮಾಡಿಕೊಂಡು, ನೀವು ಹೇಳಿದ ಹಾಗೆಯೇ ನಕ್ಕರು.