ಎರಡು ಎಂಜಿನ್ನು, ಒಂದು ಕಿವಿ

ಫೆಬ್ರವರಿ 3, ಸೋಮವಾರ

ಇವತ್ತೂ ಮಕ್ಕಳ ಟ್ರಿಪ್ ಇಲ್ಲ. ಹೊಳನಗದ್ದೆಯ ಮಕ್ಕಳು ರಿಕ್ಷಾ ಹತ್ತಿ ಕುಮಟೆಯ ಶಾಲೆಗೆ ಹೋದವು. ನನ್ನ ಹಳೇ ಸುಮೋ ಹೊನ್ನಾವರದಲ್ಲಿ, ಸಂತೋಷನ ಗ್ಯಾರೇಜಿನಲ್ಲಿ, ಬಾನೆಟ್ ತೆರೆದು ನಿಂತಿದೆ. ಸಂಜೆ ಅವನ ಫೋನು. ನೀರಿಲ್ಲದೆ ಕಾದು ಎಂಜಿನ್ನಿನ ಹೆಡ್ ಬಿರುಕು ಬಿಟ್ಟಿದೆ, ಬ್ಲಾಕೂ ಹೋಗಿದೆ, ಬೇರೆ ಎಂಜಿನ್ನೇ ಕೂರಿಸಬೇಕು.

"ವಾಟರ್ ಪಂಪು ಅಷ್ಟು ದಿನ ಕಿರ್ರ್ ಅಂದಿರ್ಬೇಕಲ ಮೋಹನಣ್ಣ. ನಿಮ್ಮ ಕಿವಿಗೆ ಬಿದ್ದಿಲ್ವಾ?"

ಟೇಪಿನಲ್ಲಿ ಹಾಡು ಜೋರಿತ್ತು ಅಂದೆ. ಟೇಪು ಕೆಟ್ಟು ಯಾವ ಕಾಲವಾಯಿತೋ.

ಇಲ್ಲಿಯಾದರೂ ನಿಜ ಬರೆಯುತ್ತೇನೆ. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿ ಅರ್ಧ. ಹೆಂಡತಿ ಸುಮತಿಗೂ ಹೇಳಿಲ್ಲ, ಮಗಳು ಧನ್ಯಾಳಿಗೂ ಹೇಳಿಲ್ಲ. ಗೊತ್ತಾದರೆ ಯಾರು ಮಕ್ಕಳನ್ನು ನನ್ನ ಗಾಡಿಗೆ ಹತ್ತಿಸುತ್ತಾರೆ? ನಾನಾದರೂ ಹತ್ತಿಸುತ್ತಿರಲಿಲ್ಲ. ಗಾಡಿ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ.

ಫೆಬ್ರವರಿ 6

ಭಟ್ಕಳದಲ್ಲಿ ಇರ್ಷಾದ್ ಭಾಯಿಯ ಗುಜರಿ ಯಾರ್ಡಿನಲ್ಲಿ ಎರಡು ಎಂಜಿನ್ ಇವೆಯಂತೆ. ಒಂದು ನಮ್ಮ ಹಳೇದರ ಜಾತಿಯದೇ—ಹಾಗೇ ಕೂರುತ್ತದೆ. ಇನ್ನೊಂದು ಆಮೇಲೆ ಬಂದ ಸುಮೋದ ಟರ್ಬೊ. ಒಳ್ಳೇ ಜೋರು, ಆದರೆ ಎಂಜಿನ್ ಕೂರುವ ಮೌಂಟಿಂಗ್ ಕತ್ತರಿಸಿ ವೆಲ್ಡಿಂಗ್ ಮಾಡಬೇಕು, ಆರ್‌ಟಿಓ ತಿರುಗಾಟ ಬೇರೆ.

"ನೀವೇ ಕೇಳಿ ಆರಿಸಿ. ನಿಮ್ಮ ಕಿವಿ ಇದ್ಮೇಲೆ ನಾ ಎಂತಕ್ಕೆ?" ಅಂದ ಸಂತೋಷ.

ಅದೇ ಕಷ್ಟ. ಒಂದು ಕಾಲದಲ್ಲಿ ಡ್ರೈವರುಗಳು ತಮ್ಮ ಗಾಡಿ ತಂದು ನನ್ನೆದುರು ಎಂಜಿನ್ ರೇಸ್ ಮಾಡಿ, "ಎಂತ ಆಗಿದೆ ಹೇಳು" ಅನ್ನುತ್ತಿದ್ದರು. ಆ ಹೆಸರು ಇನ್ನೂ ಉಳಿದಿದೆ. ಮದುವೆ ಮುಗಿದ ಮೇಲೆ ಚಪ್ಪರ ಉಳಿದ ಹಾಗೆ.

ಊಟಕ್ಕೆ ಕೂತಾಗಲೂ ಅದೇ ಯೋಚನೆ. ಸುಮತಿ ನಕ್ಕಳು. "ನನ್ನ ನೋಡೂಕೆ ಬಂದಾಗ ಇಷ್ಟು ಯೋಚ್ನೆ ಮಾಡ್ಲಿಲ್ಲ ನೀವು."

ಫೆಬ್ರವರಿ 9, ಭಾನುವಾರ

ಭಟ್ಕಳಕ್ಕೆ ಹೋಗಿ ಬಂದೆ. ರಜೆ ಇದೆಯೆಂದು ಧನ್ಯಾಳೂ ಬಂದಳು. ಕುಮಟೆಯ ಸೊಸೈಟಿಯಲ್ಲಿ ಕೆಲಸ ಮಾಡುವ ಹುಡುಗಿಗೆ ಗುಜರಿ ನೋಡುವ ಆಸೆ.

ಇರ್ಷಾದ್ ಭಾಯಿ ಚಾ ತರಿಸಿದರು. "ನಾನು ಕಬ್ಬಿಣ ಮಾರೋನು ಮೋಹನಣ್ಣ. ಒಳಗಿನ ವಿಷಯ ನಂಗೆ ಗೊತ್ತಾಗಲ್ಲ. ನೀವು ಆತು ಅಂದ್ರೆ ಆತು." ಎಂಜಿನ್ನುಗಳನ್ನು ಹಳೇ ಟಾಯರಿನ ಮೇಲೆ ಕೂರಿಸಿ, ಬ್ಯಾಟರಿ ವಯರು ಕೊಟ್ಟು, ಒಂದಾದ ಮೇಲೆ ಒಂದು ಶುರು ಮಾಡಿಸಿದರು. ಸುತ್ತ ನಾಲ್ಕು ಜನ ಡ್ರೈವರುಗಳು. ಎಲ್ಲರ ಕಣ್ಣೂ ನನ್ನ ಮೇಲೆ.

ಹಿಂದಿನ ಹಾಗೇ ತಲೆ ವಾರೆ ಮಾಡಿ, ಕಣ್ಣು ಮುಚ್ಚಿ ನಿಂತೆ. ಎರಡೂ ದೂರದ ಸಮುದ್ರದ ಹಾಗೆ ಕೇಳಿದವು. ಟರ್ಬೊ ತೋರಿಸಿ, "ಇದೇ ಆತು" ಅಂದೆ. ಯಾಕೆ ಅದು? ಏನೋ ಒಂದು ಹೇಳಬೇಕಿತ್ತು.

ಧನ್ಯಾ ನನ್ನೆದುರು ಬಂದು ನಿಂತಳು. "ಅಪ್ಪ, ಅದ್ರಲ್ಲಿ ಟಕ್ ಟಕ್ ಅಂತ ಒಂದು ಸದ್ದು ಬತ್ತದಲ."

"ಸ್ಕೂಟಿ ಓಡ್ಸೋರಿಗೆ ಎಂಜಿನ್ ಸುದ್ದಿ ಎಂತಕ್ಕೆ?" ಅಂದೆ. ಎಲ್ಲರೂ ನಕ್ಕರು. ಅವಳ ಮುಖ ಸಣ್ಣದಾಯಿತು.

ಬಸ್ಸಿನಲ್ಲಿ ನನ್ನ ಬಲಗಡೆ ಕೂತಿದ್ದಳು. ಮಾತಾಡಿದಳೋ ಇಲ್ಲವೋ, ದೇವರೇ ಬಲ್ಲ.

ಫೆಬ್ರವರಿ 10

ಧನ್ಯಾ ಹೇಳಿದ ಟಕ್ ಟಕ್ ರಾತ್ರಿಯಿಡೀ ತಲೆಯಲ್ಲಿತ್ತು. ಟರ್ಬೊ ಬೇಡ ಅನ್ನಲು ಇರ್ಷಾದ್ ಭಾಯಿಗೆ ಫೋನು ಮಾಡಿದೆ. ವೆಲ್ಡಿಂಗ್ ರಗಳೆ ಅಂತ ನೆಪ. ಅವರಿಗೆ ಬೇಸರವೇ ಇಲ್ಲ. "ಪರವಾಗಿಲ್ಲ. ಶಿರಾಲಿಯವರೊಬ್ರು ಕೇಳ್ತಿದ್ದಾರೆ. ಮೋಹನಣ್ಣ ಕೇಳಿ ಒಪ್ಪಿದ್ದು ಅಂದ್ರೆ ಸಾಕು, ಅವ್ರು ನೋಡೋದೂ ಇಲ್ಲ." ಎರಡೆರಡು ಸಲ ಹೇಳಿಸಿಕೊಂಡೆ.

ಫೋನಿಟ್ಟೆ. ನಾನು ಕೇಳದ ಎಂಜಿನ್ನು ನನ್ನ ಹೆಸರಿನಲ್ಲಿ ಶಿರಾಲಿಗೆ ಹೋಗುತ್ತದೆ.

ಫೆಬ್ರವರಿ 11

ಬೆಳಿಗ್ಗೆ ಧನ್ಯಾ ಕೆಲಸಕ್ಕೆ ಹೊರಡುವಾಗ ಅಂಗಳದಲ್ಲಿ ತಡೆದು ಕಿವಿಯ ವಿಷಯ ಹೇಳಿಬಿಟ್ಟೆ. ಅಯ್ಯೋ ಪಾಪ ಅನ್ನುತ್ತಾಳೆ ಅಂದುಕೊಂಡಿದ್ದೆ. ಸ್ಕೂಟಿಯಿಂದ ಇಳಿದಳು. ಕಣ್ಣಲ್ಲಿ ನೀರು, ಸಿಟ್ಟಿನ ನೀರು.

"ಮಕ್ಕಳನ್ನ ಕೂರ್ಸ್ಕಂಡು ಹೈವೇದಲ್ಲಿ ಹೋಗ್ತಿದ್ದೆಯಲ ಅಪ್ಪ. ಹಿಂದೆ ಲಾರಿ ಹಾರ್ನ್ ಹಾಕಿದ್ರೆ?"

 ನಾಚಿಕೆಯಾಯಿತು. ಸುಮತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ಒಳಗೆ ಹೋಗಿ ಪಾತ್ರೆ ತಿಕ್ಕತೊಡಗಿದಳು. ಆ ಸದ್ದು ಮಾತ್ರ ಚೆನ್ನಾಗಿ ಕೇಳಿತು.

ಇರ್ಷಾದ್ ಭಾಯಿಗೆ ಮತ್ತೆ ಫೋನು ಮಾಡಿದೆ. "ಆ ಎಂಜಿನ್ ನಾ ಕೇಳಿದ್ದಲ್ಲ, ಕೇಳಿದಂಗೆ ಮಾಡಿದ್ದು. ನಂಗೆ ಕಿವಿ ಇಲ್ಲ. ನನ್ನ ಹೆಸರು ಹೇಳಿ ಯಾರಿಗೂ ಕೊಡ್ಬೇಡಿ." ಆ ಕಡೆಯಿಂದ ಏನು ಅಂದರೋ ತಿಳಿಯಲಿಲ್ಲ. ಫೋನು ಧನ್ಯಾಳಿಗೆ ಕೊಟ್ಟೆ.

"ಮತ್ತೆ ಬನ್ನಿ, ಇಬ್ಬರೂ ಬನ್ನಿ ಅಂತಿದ್ದಾರೆ," ಅಂದಳು.

ಫೆಬ್ರವರಿ 16, ಭಾನುವಾರ

ಮತ್ತೆ ಭಟ್ಕಳ. ಅದೇ ಟಾಯರು, ಅದೇ ಡ್ರೈವರುಗಳು. ಈ ಸಲ ಯಾರೂ ನಗಲಿಲ್ಲ, ನನಗೆ ಅದೇ ಹೆಚ್ಚು ಕಷ್ಟವಾಯಿತು.

ಧನ್ಯಾ ಕೇಳಿದಳು, ನಾನು ಎಂಜಿನ್ನಿಗೆ ಅಂಗೈ ಇಟ್ಟೆ. ಟರ್ಬೊ ಕೈಗೂ ಕುಟ್ಟುತ್ತಿತ್ತು—ಹೋದ ಭಾನುವಾರವೇ ಕೈ ಇಟ್ಟಿದ್ದರೆ ತಿಳಿಯುತ್ತಿತ್ತು. ಕಿವಿ ಇದ್ದವನು ಕೈ ಯಾಕೆ ಇಡುತ್ತಾನೆ ಎಂಬ ಸೊಕ್ಕು. ಹಳೇ ಜಾತಿಯದು ಒರಟು, ಆದರೆ ಒಂದೇ ಸಮ. ಸ್ವಲ್ಪ ಹೊಗೆ. ಧನ್ಯಾ ಬೆರಳೆತ್ತಿ ಸರಿ ಅಂದಳು.

"ಯಾರು ಓಡ್ಸೋರು?" ಎಂದು ಇರ್ಷಾದ್ ಭಾಯಿ ನನ್ನ ಎಡಗಿವಿಯ ಹತ್ತಿರ ಬಂದು ಕೇಳಿದರು.

ಮಗಳ ಕಡೆ ನೋಡಿದೆ. ಲೈಸೆನ್ಸ್ ಇದೆ, ಊರೊಳಗೆ ಸುಮೋ ಓಡಿಸಿದ್ದಾಳೆ. ಸೊಸೈಟಿ ಬಾಗಿಲು ತೆರೆಯುವುದು ಶಾಲೆ ಗಂಟೆ ಹೊಡೆದ ಮೇಲೆ.

"ಇವಳು," ಅಂದೆ. 

ಮಾರ್ಚ್ 1

ಗಾಡಿ ಬಂತು. ಎಂಜಿನ್ ನಂಬರು ಬದಲಾದದ್ದು ಆರ್‌ಸಿಯಲ್ಲೂ ಏರಿತು. ಮಕ್ಕಳ ಮನೆಗಳಿಗೆಲ್ಲ ನಾನೇ ಹೋಗಿ ವಿಷಯ ಹೇಳಿದೆ. ಎರಡು ಮನೆಯವರು ಮಕ್ಕಳನ್ನು ಇನ್ನು ರಿಕ್ಷಾದಲ್ಲೇ ಕಳಿಸುತ್ತೇವೆ ಅಂದರು. ತಪ್ಪಿಲ್ಲ.

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಸುಮೋದೊಳಗೇ ಕೂತು ಬರೆಯುತ್ತಿದ್ದೇನೆ. ನನ್ನ ಗಾಡಿಯ ಹಿಂದಿನ ಸೀಟಿನಲ್ಲಿ ನಾನು ಕೂತದ್ದು ಇದೇ ಮೊದಲು. ಮುಂದೆ ಕೂತರೆ ಧನ್ಯಾ ನನ್ನ ಸತ್ತ ಕಿವಿಯ ಬದಿಗಾಗುತ್ತಾಳೆ. ಇಲ್ಲಿ, ಅವಳ ಬೆನ್ನ ಹಿಂದೆ, ಮುಖ ಕಿಟಕಿಗೆ ತಿರುಗಿಸಿದರೆ ಎಡಗಿವಿ ಅವಳತ್ತ ಬರುತ್ತದೆ. ಮಕ್ಕಳೆಲ್ಲ ಹತ್ತಿ ಆಯಿತು. ಗಲಾಟೆ ಇರಬೇಕು, ಬಾಯಿಗಳು ಆಡುತ್ತಿವೆ.

ಸ್ಟಾರ್ಟ್ ಮಾಡಿದಳು. ಕನ್ನಡಿಯಲ್ಲಿ ನನ್ನತ್ತ ನೋಡಿ ಏನೋ ಅಂದಳು. ಇಂಥ ಹೊತ್ತಿನಲ್ಲಿ ಸುಮ್ಮನೆ ತಲೆಯಾಡಿಸುವುದೇ ನನ್ನ ಅಭ್ಯಾಸ. "ಎಂತ ಅಂದೆ? ನಂಗೆ ಕೇಳ್ಲಿಲ್ಲ," ಅಂದೆ, ಎಲ್ಲ ಮಕ್ಕಳೆದುರು.

ಎಂಜಿನ್ ಬಂದ್ ಮಾಡಿದಳು. ಪೂರ್ತಿ ಹಿಂದೆ ತಿರುಗಿ ಕೂತಳು.

"ನಿನ್ನ ಬದಿ ಬಾಗ್ಲು ಸಮಾ ಬಿದ್ದಿಲ್ಲ ಅಪ್ಪ. ಮತ್ತೊಂದ್ಸಲ ಹಾಕು ಅಂದೆ."

ಮಕ್ಕಳೆಲ್ಲ ಕಾಯುತ್ತಿವೆ. ಪುಸ್ತಕ ಮುಚ್ಚಿ, ಬಾಗಿಲು ಹಾಕುತ್ತೇನೆ.