ಉಪ್ಪು ಬಾವಿಯ ಹಾಳೆ

ಬೈಂಡಿಂಗ್ ಕೋಣೆ,
ಗುರುವಾರ, ಊಟದ ಬಿಡುವು

ಪ್ರೀತಿಯ ಅಕ್ಕಾ,

ನಿನ್ನ ಹಾಳೆ ವಾಪಸ್ಸು ಬಂದ ಸುದ್ದಿ ಇಷ್ಟರಲ್ಲಿ ನಿನಗೆ ಮುಟ್ಟಿರುತ್ತದೆ. ವಾಪಸ್ಸು ಕಳಿಸಿದವಳು ನಾನೇ. ಪೂರ್ತಿ ಓದಿ ಆಮೇಲೆ ಬೈ. ನೀನು ಬಾವಿಗಳ ನೀರು ಪರೀಕ್ಷೆ ಮಾಡುತ್ತಾ ಅಷ್ಟು ದೂರ ಇರುವುದೇ ನನಗೆ ಧೈರ್ಯ.

ನಮ್ಮ ವಿಶ್ವವಿದ್ಯಾಲಯದ ಹೆಬ್ಬಾಗಿಲ ಮೇಲೆ ಕೆತ್ತಿದ ಸಾಲು ನಿನಗೆ ಗೊತ್ತಲ್ಲ: ‘ಇಲ್ಲಿ ಕಲಿತದ್ದು ಈ ಸೀಮೆಯ ಮನೆಮನೆಗೂ ತಿಳಿಯಲಿ.’ ಅದಕ್ಕಾಗಿಯೇ ಪ್ರತಿ ಪ್ರಬಂಧದ ಜೊತೆ ಸರಳವಾದ ಒಂದು ಹಾಳೆ ಬರೆದುಕೊಡಬೇಕು. ಪ್ರೈಮರಿಗಿಂತ ಹೆಚ್ಚು ಓದದ ಒಬ್ಬರು ಅದನ್ನು ಓದಿ, ತಿಳಿಯಿತು ಅಂತ ಸಹಿ ಹಾಕಬೇಕು. ಸಹಿ ಬಿದ್ದರೇ ಪದವಿ. ಆ ಒಬ್ಬರು ನಾನು ಅಂತ ನಿನಗೆ ಹೇಳಿರಲಿಲ್ಲ, ನಾಚಿಕೆಯಾಗಿತ್ತು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವರು ಯಾರಾದರೂ ಇದ್ದಾರಾ ಅಂತ ಆಫೀಸಿನವರು ಈ ಬೈಂಡಿಂಗ್ ಕೋಣೆಗೆ ಬಂದಾಗ, ನಮ್ಮ ಮೇಸ್ತ್ರಿ ನನ್ನ ಕಡೆ ಬೆರಳು ತೋರಿಸಿ, ಇವಳಿಗೆ ಓದೋಕೆ ಬರುತ್ತೆ, ಬಾಯಿ ಮಾತ್ರ ಬರಲ್ಲ ಅಂದರು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಇಷ್ಟು ದಿನ ತಿಳಿಯದ ಹಾಳೆಗಳಿಗೂ ಸಹಿ ಹಾಕಿದ್ದೇನೆ. ಪ್ರಬಂಧಗಳಿಗೆ ನಾವು ಕಟ್ಟುವ ರಟ್ಟುಗಳಲ್ಲಿ ಕಾನೂನಿನವರ ಕೆಂಪು, ಕೃಷಿಯವರ ಹಸಿರು, ವಿಜ್ಞಾನದವರ ನೀಲಿ, ಯಾರದ್ದನ್ನೂ ಬಿಟ್ಟಿಲ್ಲ. ಅಷ್ಟು ಓದಿದವರ ಮುಂದೆ ಗೊತ್ತಾಗಲಿಲ್ಲ ಅನ್ನುವುದು ಹೇಗೆ? ತಲೆಯಾಡಿಸಿ, ಸಹಿ ಹಾಕಿ, ಗೋಂದು ಕಲಸಲು ಓಡುತ್ತಿದ್ದೆ.

ಈ ಸಲ ಹೊಸ ಕುಲಪತಿಯವರು, ಸಹಿ ಸಾಲದು, ಆ ಹುಡುಗಿಯೇ ಸಭೆಗೆ ಬಂದು ಹೇಳಲಿ ಅಂದರಂತೆ. ಮಂಗಳವಾರ ಹೋದೆ. ಉದ್ದನೆಯ ಮೇಜು, ಸುತ್ತ ಎಲ್ಲ ನಿಕಾಯಗಳ ಡೀನ್‌ಗಳು. ಉಗುರಿನ ಗೋಂದು ಕಾಣದಿರಲಿ ಅಂತ ಕೈ ಬೆನ್ನ ಹಿಂದೆ ಕಟ್ಟಿ ನಿಂತೆ. ಕುಲಪತಿಯವರು ಹೆಸರಿಲ್ಲದ ಹಾಳೆಯೊಂದನ್ನು ಎತ್ತಿಕೊಂಡು, ಇದರಲ್ಲಿ ಏನಿದೆ ಹೇಳಮ್ಮ ಅಂದರು. ‘ಅಂತರ್ಜಲ ಲವಣಾಂಶದ ಅಸಮ ವಿತರಣೆಯ ಭೂಸ್ತರೀಯ ನಿರ್ಧಾರಕಗಳು’ ಅಂತ ಶುರುವಾಗುವ ಹಾಳೆ. ಹಿಂದಿನ ದಿನ ಏಳು ಸಲ ಓದಿದ್ದೆ. ಹೇಗೋ, ನನಗೆ ಗೊತ್ತಾಗಲಿಲ್ಲ ಸಾರ್ ಅಂದೆ.

ಕಾನೂನಿನ ಡೀನ್ ಮೇಡಂ ಕನ್ನಡಕ ತೆಗೆದು, ಸದ್ಯ, ನನಗೂ ಗೊತ್ತಾಗಿರಲಿಲ್ಲ, ಕೇಳೋಕೆ ಮರ್ಯಾದೆ ಅಡ್ಡ ಬಂದಿತ್ತು ಅಂದರು. ಕೃಷಿಯವರು ಸುಮ್ಮನಿರುತ್ತಾರಾ, ನಿಮ್ಮವರು ಹೋದ ವರ್ಷ ಬರೆದದ್ದು ನಮಗೇನು ತಿಳಿದಿತ್ತಾ ಮೇಡಂ ಅಂತ ಕಾಲೆಳೆದರು. ಎಲ್ಲರೂ ಒಬ್ಬರ ಹಾಳೆ ಒಬ್ಬರು ಕಿತ್ತುಕೊಂಡು ಗಟ್ಟಿಯಾಗಿ ಓದಿ ನಗತೊಡಗಿದರು. ವಿಜ್ಞಾನದ ಡೀನ್ ಒಬ್ಬರೇ ಮುಖ ಗಂಟಿಕ್ಕಿ ಕೂತಿದ್ದರು. ಕೊನೆಗೆ ಅವರೂ, ನಿಜ ಹೇಳಲಾ, ಎರಡನೇ ಪ್ಯಾರಾ ಆದಮೇಲೆ ನನಗೂ ಕಷ್ಟ ಅಂದರು. ಅಷ್ಟೇ, ಮೇಜಿನ ಮೇಲಿನ ಲೋಟಗಳೆಲ್ಲ ಅಲ್ಲಾಡಿದವು. ನಾನೂ ನಕ್ಕೆ ಅಕ್ಕಾ, ಬಾಯಿಗೆ ಕೈ ಅಡ್ಡ ಇಡದೆ.

ಅದು ನಿನ್ನ ಹಾಳೆ ಅಂತ ಸಭೆ ಮುಗಿದ ಮೇಲೆ ಮೇಸ್ತ್ರಿ ಹೇಳಿ ಗೊತ್ತಾಯಿತು. ಹದಿನೈದು ದಿನದೊಳಗೆ ಮತ್ತೆ ಬರೆದು ಕಳಿಸಿದರೆ ಈ ಘಟಿಕೋತ್ಸವದಲ್ಲೇ ಪದವಿ, ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಅಮ್ಮ ಕೇಳಿ, ನಾಲ್ಕು ವರ್ಷ ಅಲ್ಲಿ ಮಣ್ಣು ಹೊತ್ತವಳು ನಾಲ್ಕು ಸಾಲು ಬರೆಯಲಾರಳಾ ಅಂದಳು.

ಖಂಡಿತ ಬರೆಯುತ್ತೀಯ. ಹೋದ ಸಲ ಮನೆಗೆ ಬಂದಾಗ, ಪಾತ್ರೆ ತೊಳೆಯುತ್ತಿದ್ದ ನೀನು ಟೀ ಸೋಸುವ ಎರಡು ಜರಡಿ ತೆಗೆದುಕೊಂಡು, ಒಂದಕ್ಕೆ ಮರಳು, ಒಂದಕ್ಕೆ ಕಲ್ಲುಪ್ಪು ಹಾಕಿ, ಒಂದೇ ತಂಬಿಗೆಯ ನೀರು ಹೊಯ್ದು, ಕುಡಿದು ನೋಡೇ ಅಂದಿದ್ದೆ. ನಾನು ಥೂ ಅಂತ ಉಗುಳಿದಾಗ, ನೀರು ತಾನು ನಡೆದು ಬಂದ ದಾರಿಯ ರುಚಿ ಹೊತ್ತು ತರುತ್ತೆ ಕಣೇ, ಅದಕ್ಕೇ ಗುಡ್ಡದ ಈ ಕಡೆ ಬಾವಿ ಸಿಹಿ, ಆ ಕಡೆ ಉಪ್ಪು ಅಂದೆ. ಅಷ್ಟನ್ನೇ ಬರೆ. ನಾನು ಪೆನ್ನು ಹಿಡಿದು ಕೂತಿರುತ್ತೇನೆ.

ನಿನ್ನ ಬೈಗುಳಕ್ಕೆ ಕಾಯುತ್ತಿರುವ,
ಗುಮ್ಮಿ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹಾಳೆ ನಿನ್ನದು ಅಂತ ಸೋಮವಾರವೇ ಗೊತ್ತಿತ್ತು. ಅದರಲ್ಲಿ ನನಗೆ ತಿಳಿದ ಪದಗಳು ಎರಡೇ, ಗುಡ್ಡ ಮತ್ತು ಬಾವಿ, ಗುರುತು ಹಿಡಿಯಲು ಅಷ್ಟೇ ಸಾಕಾಯಿತು. ಬೇರೆ ಯಾರದಾದರೂ ಆಗಿದ್ದರೆ ಎಂದಿನಂತೆ ತಲೆಯಾಡಿಸಿಬಿಡುತ್ತಿದ್ದೆ. ನಿನ್ನ ನೀಲಿ ರಟ್ಟನ್ನು ಅವತ್ತೇ ಮಾಡಿಟ್ಟೆ. ನಿನ್ನ ಹೆಸರನ್ನೂ ಈ ವರ್ಷದ ಇಸವಿಯನ್ನೂ ಚಿನ್ನದ ಅಕ್ಷರದಲ್ಲಿ ಒತ್ತಿದ್ದೇನೆ. ಒತ್ತಿದ ಮೇಲೆ ಅಳಿಸೋಕೆ ಬರಲ್ಲ.