ಸೀನಿನ ಡಾಕ್ಟರಮ್ಮನ ಅಪ್ಪನಿಗೆ

ಮನೆಯಿಂದ, ಮಾರ್ಚ್ ಹತ್ತು
(ಆಸ್ಪತ್ರೆಯಿಂದ ಬಂದ ಮರುದಿನ)

ಪ್ರೀತಿಯ ಮಗನಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯ? ಎದೆ ಡವಡವ ಅನ್ನುವುದು ನಿಂತಿತೇ? ಕೇಳಿದಾಗೆಲ್ಲ ಗ್ಯಾಸು ಅನ್ನುತ್ತೀಯ. ವಿಷಯ ಗೊತ್ತಾದರೆ ಬಂದರಿನವರು ಕ್ರೇನ್ ಓಡಿಸುವ ಕೆಲಸದಿಂದ ಇಳಿಸುತ್ತಾರೆ ಅಂತ ನಿನಗೆ ಹೆದರಿಕೆ. ಹೆತ್ತವಳಿಗೆ ಅಷ್ಟೂ ತಿಳಿಯುವುದಿಲ್ಲವೇನೋ?

ನನ್ನ ಸುದ್ದಿ ಕೇಳು, ಗಾಬರಿಯಾಗಬೇಡ. ಮೊನ್ನೆ ಹೊಲಿಗೆ ಮಿಷನ್ ಮುಂದೆ ಕೂತಿದ್ದಾಗ ನನ್ನ ಎದೆಯೂ ತಾಳ ತಪ್ಪಿತು, ಕಣ್ಣು ಕತ್ತಲಿಟ್ಟಿತು. ನಿನ್ನ ಹೆಂಡತಿ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ನಿನ್ನ ಮಗಳದೇ ವಾರ್ಡು. ಅಲರ್ಜಿಗೆ, ಸೀನಿಗೆ ಅಂತ ಬಂದ ಹಳೇ ಔಷಧಿಯೊಂದನ್ನು ಎದೆಬಡಿತ ಸರಿಮಾಡಲು ಕೊಡುತ್ತಾಳೆಂದು ಅಲ್ಲಿಯವರೆಲ್ಲ ಅವಳನ್ನು ಸೀನಿನ ಡಾಕ್ಟರಮ್ಮ ಅನ್ನುತ್ತಾರಂತೆ. ನಾನೂ ಬಿಡಲಿಲ್ಲ, ಎದೆ ಹಿಡಿದುಕೊಂಡು ಬಂದವಳಿಗೆ ಮೂಗಿನ ಔಷಧಿಯೇನೇ ಅಂದೆ. ಹುಡುಗಿ ನಗಲಿಲ್ಲ. ಇದರಿಂದ ಆಗದಿದ್ದರೆ ಎದೆಗೆ ಕರೆಂಟ್ ಕೊಡಬೇಕಾಗುತ್ತದೆ ಅಂದಳು. ಎಲ್ಲ ಪರೀಕ್ಷೆ ಮಾಡಿಸಿ, ದೊಡ್ಡ ಡಾಕ್ಟರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನರಕ್ಕೆ ನಿಧಾನವಾಗಿ ಔಷಧಿ ಏರಿಸಿದಳು. ಅವಳ ಕಣ್ಣು ಮಾತ್ರ ಎದೆಬಡಿತ ತೋರಿಸುವ ಪರದೆ ಬಿಟ್ಟು ಕದಲಲಿಲ್ಲ. ನನಗೆ ಮೈ ಬಿಸಿಯಾಯಿತು, ಬಾಯಿ ಒಣಗಿತು. ಅಡ್ಡಾದಿಡ್ಡಿ ಓಡುತ್ತಿದ್ದ ಗೆರೆ ನೋಡನೋಡುತ್ತಲೇ ನನ್ನ ಮಿಷನ್ನಿನ ಹೊಲಿಗೆಯಂತೆ ಸಮವಾಯಿತು. ಆಗ ಕುರ್ಚಿಯಲ್ಲಿ ಕುಸಿದು ಕೂತು, “ಅಜ್ಜೀ, ಇನ್ನು ಬೇಕಾದ್ರೆ ಸೀನು” ಅಂದಳು.

ಪಕ್ಕದ ಮಂಚದವಳಿಗೆ, ನೆಲ ಒರೆಸುವವಳಿಗೆ, ಲಿಫ್ಟಿನವನಿಗೆ, ಎಲ್ಲರಿಗೂ ಇವಳು ನನ್ನ ಮೊಮ್ಮಗಳು ಅಂತ ಸಾರಿ ಬಂದೆ. ಮುದುಕಿಗೆ ಜಂಭ ಅಂದುಕೊಂಡರೆ ಅಂದುಕೊಳ್ಳಲಿ. ಎಷ್ಟು ಹೆಮ್ಮೆಯಾಯಿತು ಅಂತ ಬರೆಯಲು ನನಗೆ ಬರುವುದಿಲ್ಲ, ನೀನಿರಬೇಕಿತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ಚೆನ್ನಾಗಿರು.

ನಿನ್ನ ಅಮ್ಮ

ತಾ.ಕ.: ಜಿಪ್ ಹಾಕಿಕೊಡು ಅಂತ ಬಿಟ್ಟುಹೋದ ನಿನ್ನ ಪ್ಯಾಂಟಿನ ಜೇಬಿನಲ್ಲಿ ಸೀನಿನ ಮಾತ್ರೆಯ ಖಾಲಿ ಸ್ಟ್ರಿಪ್ಪುಗಳು ಸಿಕ್ಕವು. ನೀನು ಒಂದು ಸಲ ಸೀನಿದ್ದನ್ನೂ ನಾನು ಕಂಡಿಲ್ಲ. ಮಗಳ ಬಾಯಲ್ಲಿ ಕೇಳಿದ್ದನ್ನು ನಂಬಿ, ಎದೆಗೆ ಅಂತ ಮೆಡಿಕಲ್ ಶಾಪಿನಿಂದ ತಂದು ನುಂಗುತ್ತಿದ್ದೀಯ, ಅಲ್ಲವೇ? ಅದು ಆ ಔಷಧಿಯೇ ಅಲ್ಲವಂತೆ. ಅಂಥ ಕೆಲವು ಮಾತ್ರೆ ಬಡಿತವನ್ನು ಇನ್ನೂ ಕೆಡಿಸುತ್ತವಂತೆ. ಉಳಿದದ್ದನ್ನು ಇವತ್ತೇ ಎಸೆ. ಸ್ಟ್ರಿಪ್ಪುಗಳನ್ನು ನಿನ್ನ ಮಗಳಿಗೇ ತೋರಿಸಿದೆ. ಬೈಯಲಿಲ್ಲ, ಕೈಯಲ್ಲಿ ಹಿಡಿದುಕೊಂಡು ಅತ್ತಳು. ಆಮೇಲೆ ಹೇಳಿದಳು: “ನನ್ನ ಔಷಧಿ ಮೇಲೆ ಅಪ್ಪನಿಗೆ ಇಷ್ಟು ನಂಬಿಕೆ ಇದ್ರೆ, ನನ್ನ ಹತ್ರಾನೇ ಬರ್ಲಿ.”